ಕ್ಲಿಪ್ಪಿನೊಳಗಿನ ಬೋಂಡ

೮ ಜನವರಿ ೨೦೧೧, ಶನಿವಾರ

ಬೆಳಿಗ್ಗೆ ವಾಕಿಂಗ್. ಎಂದಿನಂತೆ, ಗೇಮಲ್ಲಿ ನಾನೂ ಶ್ರೀಕಾಂತೂ ಸಾಕ್ತಿರೋ ಪ್ರಾಣಿ ಬೋಂಡನ್ನ ಗೇಮ್ ಮೆಷಿನ್‌ನಿಂದ ಕ್ಲಿಪ್‌ಗೆ ಕಳಿಸಿ, ಹೆಜ್ಜೆ ಎಣಿಸೋ ಆ ಪುಟ್ಟ ಕ್ಲಿಪ್ ಸೊಂಟಕ್ಕೆ ಸಿಕ್ಕಿಸ್ಕೊಂಡೆ. ನಾನು ನಡೆದಷ್ಟೂ ಅದು ಬೆಳೆಯತ್ತೆ. ಶ್ರೀಕಾಂತ್ ಸೋಫಾದಲ್ಲಿ ಬಿದ್ಕೊಂಡು ಅದರ ಕೈಲಿ ಫೈಟ್ ಆಡಿಸ್ತಾನೆ. ಮದುವೆಯಾಗಿ ನಾಲ್ಕು ವರ್ಷ. ಈಗ ಗಂಡ-ಹೆಂಡತಿ ಮಾತು ಅಂದ್ರೆ ಇಷ್ಟೇ — ‘ಬೋಂಡಗೆ ತಿನ್ನಿಸಿದ್ಯಾ?’ ‘ತಿನ್ನಿಸ್ದೆ.’

ವಾಪಸ್ ಬಂದು ಬೋಂಡನ್ನ ಮೆಷಿನ್‌ಗೆ ಹಾಕಿ ಸ್ನಾನಕ್ಕೆ ಹೋದೆ. ಬರೋಷ್ಟರಲ್ಲಿ ಅದಕ್ಕೆ ಕೊಂಬು! ರೆಕ್ಕೆ ಬೇಕಾ ಕೊಂಬು ಬೇಕಾ ಅಂತ ಗೇಮ್ ಕೇಳತ್ತೆ, ಒಂದೇ ಸಲ. ರೆಕ್ಕೆ ಅಂತ ಮಾತಾಗಿತ್ತು.

‘ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?’

‘ಗೇಮ್ ಕಣೇ ಇದು.’

ಮಾತಿಗೆ ಮಾತು ಬೆಳೀತು. ಆ ಸಿಟ್ಟಲ್ಲೇ ಬಾಯಿ ಬಿಟ್ಟ — ಪುಣೆಗೆ ಟ್ರಾನ್ಸ್‌ಫರ್. ಹೋದ ತಿಂಗಳೇ ಒಪ್ಕೊಂಡಿದಾನೆ.

೯ ಜನವರಿ, ಭಾನುವಾರ

‘ನನ್ನ ಕೆಲಸ?’ ಅಂದೆ.

‘ಅಲ್ಲೂ ಸಿಗತ್ತೆ ಬಿಡು.’

ಅವನ ಆಫೀಸಿಗೆ ಹತ್ರ ಅಂತ ಎಲೆಕ್ಟ್ರಾನಿಕ್ ಸಿಟೀಲಿ ಮನೆ. ಅಲ್ಲಿಂದ ದಿನಾ ಪೀಣ್ಯಕ್ಕೆ ಬಸ್ಸಲ್ಲಿ ಊರು ಸುತ್ತಿ ಹೋಗೋಳು ನಾನು. ಒಂದು ದಿನ ಗೊಣಗಿದ್ದಿಲ್ಲ. ಗೊಣಗಬೇಕಿತ್ತು.

ಬ್ಯಾಗ್ ತುಂಬ್ಕೊಂಡು ಚಿಕ್ಕಬಾಣಾವರಕ್ಕೆ, ಅಪ್ಪನ ಮನೆಗೆ ಬಂದ್ಬಿಟ್ಟೆ. ಬಸ್ಸಲ್ಲಿ ನೋಡ್ಕೊಂಡೆ — ಕ್ಲಿಪ್ ಸೊಂಟದಲ್ಲೇ ಇದೆ. ಬೆಳಿಗ್ಗೆ ಅಭ್ಯಾಸಬಲದಿಂದ ಬೋಂಡನ್ನ ಕಳಿಸಿ ಸಿಕ್ಕಿಸ್ಕೊಂಡಿದ್ದು. ಅದಿನ್ನೂ ಒಳಗೇ.

೧೩ ಜನವರಿ

ಇವತ್ತು ಫೋನ್ ಮಾಡಿದ. ಊಟ ಆಯ್ತಾ, ಹೇಗಿದೀಯ… ಉಹ್ಞೂಂ. ‘ಬೋಂಡ ನಿನ್ನ ಹತ್ರ ಇದೆಯಾ? ಇಲ್ಲಿ ಮೆಷಿನಲ್ಲಿ ಅದರ ಗೂಡು ಖಾಲಿ.’

‘ಬೇಕಿದ್ರೆ ಬಂದು ತಗೋ.’ ಕಟ್ ಮಾಡ್ದೆ.

ಅಪ್ಪ ಕೇಳಿಸ್ಕೊಂಡ್ರು. ‘ಆಟದ ಸಾಮಾನಿಗೆ ಸಂಸಾರ ಕೆಡಿಸ್ಕೋತಾರೇನೇ ರಂಜು?’

ಚಪ್ಪಲಿ ಮೆಟ್ಕೊಂಡು ಹೊರಟೆ. ರೈಲ್ವೆ ಸ್ಟೇಷನ್ ತನಕ ನಡೆದೆ. ಕ್ಲಿಪ್ಪಿನ ಸಣ್ಣ ಸ್ಕ್ರೀನಲ್ಲಿ ಬೋಂಡ ಕುಪ್ಪಳಿಸ್ತಿತ್ತು. ಆ ಕೊಂಬು ನೋಡಿದ್ರೆ ಮೈ ಉರಿಯತ್ತೆ. ಆದ್ರೂ ನಡೆದೆ.

೨೩ ಜನವರಿ, ಭಾನುವಾರ

ಬಂದಿದ್ದ. ಜೇಬಲ್ಲಿ ಮೆಷಿನ್. ಅಮ್ಮ ಕಾಫಿ ಕೊಟ್ಟರು. ಕುಡಿದ — ಅಳಿಯನ ಗತ್ತಿಗೇನು ಕಮ್ಮಿಯಿಲ್ಲ.

‘ಕ್ಲಿಪ್ ಇದರ ಎದುರಿಗೆ ಹಿಡಿ. ಎರಡು ನಿಮಿಷದ ಕೆಲಸ.’

‘ಪುಣೆ ವಿಷಯ ಮೊದಲು ಮಾತಾಡು.’

‘ಅದು ಮುಗಿದಿದ್ದು.’

‘ಹಾಗಾದ್ರೆ ಇದೂ ಮುಗಿದಿದ್ದು.’

ಆಗ ಹೇಳಿದ. ಕ್ಲಿಪ್ ಕಳೆದುಹೋದೋರಿಗೆ ಅಂತ ಗೇಮಲ್ಲೇ ಒಂದು ದಾರಿ ಇದೆಯಂತೆ. ಒತ್ತಿದ್ರೆ ಬೋಂಡ ಹೊರಗೆ ಹೋದಾಗ ಹೇಗಿತ್ತೋ ಹಾಗೇ ಮೆಷಿನ್‌ಗೆ ಬರತ್ತೆ. ಕ್ಲಿಪ್ಪಲ್ಲಿರೋದನ್ನ ಮೆಷಿನ್ ಆಮೇಲೆ ಸೇರಿಸ್ಕೊಳಲ್ಲ.

‘ಒತ್ತಿಬಿಡ್ತೀನಿ.’

‘ಕೇಳ್ತಿದೀಯೋ, ಹೇಳ್ತಿದೀಯೋ?’

‘ಹೇಳ್ತಿದೀನಿ.’

ಗೇಟ್ ಹಾಕ್ಕೊಂಡು ಹೋದ. ಒತ್ತಿರಲ್ಲ. ಬರೀ ಹೆದರಿಸ್ತಾನೆ…

೨೪ ಏಪ್ರಿಲ್, ಭಾನುವಾರ

ಇಷ್ಟು ದಿನ ಬರೆಯೋಕೆ ಮನಸ್ಸಾಗಿರ್ಲಿಲ್ಲ. ನಡೀತಿದ್ದೆ ಅಷ್ಟೇ, ಬೆಳಿಗ್ಗೆ, ಸಂಜೆ.

ಅವನು ಮನೆ ಖಾಲಿ ಮಾಡ್ತಿದಾನೆ. ನನ್ನ ಸೀರೆ, ಕುಕ್ಕರ್ ತರೋಕೆ ಹೋಗಿದ್ದೆ. ಟೀಪಾಯಿ ಮೇಲೆ ಮೆಷಿನ್ ಆನ್ ಆಗೇ ಇತ್ತು. ಸ್ಕ್ರೀನಲ್ಲಿ ಬೋಂಡ.

‘ಯಾವಾಗ ಒತ್ತಿದೆ?’

‘ಅವತ್ತೇ. ನಿಮ್ಮ ಬಸ್‌ಸ್ಟಾಪಲ್ಲೇ.’

‘ಮತ್ತೆ ನಾನು ನಡೆಸಿದ್ದು?’

‘ಅದು ಲೆಕ್ಕಕ್ಕಿಲ್ಲ.’ ಡಬ್ಬಕ್ಕೆ ಟೇಪ್ ಅಂಟಿಸ್ತಾನೇ ಹೇಳಿದ. ತಲೆ ಎತ್ತಲಿಲ್ಲ. ‘ಕ್ಲಿಪ್ ಕೊಟ್ಬಿಡು. ಅದರಲ್ಲಿರೋದನ್ನ ಅಳಿಸಿ ಇದನ್ನ ಹಾಕ್ಕೋತೀನಿ.’

‘ಕೊಡಲ್ಲ.’

‘ನಿಂಗೇನು ಉಪಯೋಗ ಅದ್ರಿಂದ?’

‘ಏನೂ ಇಲ್ಲ. ಕೊಡಲ್ಲ.’

ಎದ್ದು ಬಂದು ಸೊಂಟಕ್ಕೇ ಕೈ ಹಾಕಿದ. ಎರಡೂ ಕೈಯಲ್ಲಿ ನೂಕಿದೆ. ಡಬ್ಬಕ್ಕೆ ತಾಗಿ ಬಿದ್ದ, ಕ್ಲಿಪ್ಪಿನ ಕೊಕ್ಕೆ ಮುರಿದು ಅವನ ಕೈಲೇ ಉಳೀತು. ನನ್ನ ಕೈ ಮೇಲೆ ಅವನ ಉಗುರು ಗೀರಿ ರಕ್ತ. ಒಂದು ಕ್ಷಣ ಇಬ್ಬರೂ ಹೆದರಿಬಿಟ್ವಿ. ‘ರಂಜು…’ ಅಂದ.

ಕ್ಲಿಪ್ ಮುಷ್ಟೀಲಿ ಹಿಡ್ಕೊಂಡು, ಬೀಗದ ಕೈ ಅವನ ಕಾಲ ಹತ್ರ ಎಸೆದು ಬಂದೆ. ಸೀರೆ, ಕುಕ್ಕರ್ ಅಲ್ಲೇ.

೨೫ ಏಪ್ರಿಲ್, ಮಧ್ಯಾಹ್ನ

ರಜೆ ಹಾಕಿದೆ. ಲಾಯರನ್ನ ನೋಡಬೇಕು ಅಂತ ಅಪ್ಪಂಗೆ ಹೇಳಿದೆ. ಕೈ ಮೇಲಿನ ಗೀರು ನೋಡಿದ್ರು. ‘ಆಯ್ತು’ ಅಂದ್ರು, ಅಷ್ಟೇ. ಈ ಸಲ ಬುದ್ಧಿವಾದ ಇಲ್ಲ.

ಕ್ಲಿಪ್ಪಿನ ಸೆಲ್ ಮುಗೀತಾ ಬಂದಿದೆ. ಬೋಂಡ ಮಸುಕು ಮಸುಕು. ಅಪ್ಪ ಅಂಗಡಿಗೆ ಹೋಗಿ ಹೊಸ ಸೆಲ್ ತಂದ್ರು. ವಾಚ್ ಫ್ಯಾಕ್ಟರೀಲಿ ರಿಟೈರ್ ಆದೋರು — ಪುಟ್ಟ ಸ್ಕ್ರೂಡ್ರೈವರ್ ಇನ್ನೂ ಇಟ್ಕೊಂಡಿದಾರೆ. ಪೇಪರ್ ಹಾಸಿ, ಕನ್ನಡಕ ಏರಿಸಿ, ಹಿಂದಿನ ಮುಚ್ಚಳ ಬಿಚ್ಚಿದ್ರು.

‘ಸೆಲ್ ತೆಗೆದ್ರೆ ಒಳಗಿರೋದು ಹೋದ್ರೂ ಹೋಗಬಹುದು. ತೆಗೀಲಾ?’

ಅಪ್ಪ ಕಾದ್ರು. ಸ್ಕ್ರೂಡ್ರೈವರ್ ಕೆಳಗಿಟ್ಟು ಕಾದ್ರು.

‘ತೆಗೀರಿ’ ಅಂದೆ.

ಹೊಸದು ಕೂತಿದೆ. ಸ್ಕ್ರೀನ್ ಖಾಲಿ. ‘ತಾಳು’ ಅಂತಾರೆ ಅಪ್ಪ. ಸುಮ್ನೆ ನೋಡ್ತಾ ಕೂರೋಕಾಗಲ್ಲ, ಅದಕ್ಕೇ ಬರೀತಾ ಕೂತಿದೀನಿ. ಮೊದಲು ಒಂದು ಗೆರೆ ಬಂತು. ಅದರ ಪಕ್ಕ ಈಗ ಇನ್ನೊಂದು, ಕೊಂಬಿನ ಹಾಗೆ —