ಏಳನೇ ಮಗ್ಗದ ಅಮಾವಾಸ್ಯೆ

ಮೊಳಕಾಲ್ಮೂರು
15 ಜೂನ್ 2025, ಭಾನುವಾರ

ಪ್ರೀತಿಯ ಬಸಮ್ಮ,

ಬಸವಲಿಂಗಮ್ಮ ಎಂಬ ನಿನ್ನ ಪೂರ್ತಿ ಹೆಸರು ನಿಮ್ಮ ಶೇಂಗಾ ಗೋದಾಮಿನ ಬೋರ್ಡಿನ ಮೇಲಿರಲಿ. ಚಳ್ಳಕೆರೆ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು ನನ್ನ ಹುಣಸೆಹಣ್ಣು ಕದ್ದು ತಿಂದವಳು ನನಗೆ ಬರೀ ಬಸಮ್ಮ. ಫೋನ್ ಮಾಡಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಫೋನಿನಲ್ಲಿ ಮಾತಾಡಿದರೆ ಬೀದಿಗೆಲ್ಲ ಕೇಳಿಸುತ್ತದೆ. ಹೇಳಬೇಕಾದ್ದು ಬೀದಿಗೆ ಹೇಳುವಂಥದ್ದಲ್ಲ. ಅದಕ್ಕೇ ಬರೆದು, ಅಂಟು ಹಾಕಿ, ನಿನ್ನ ಮಗನ ಕೈಯಲ್ಲೇ ಕೊಟ್ಟಿದ್ದೇನೆ. ಅಂಟು ಬಿಚ್ಚಿದ್ದರೆ ಅವನ ಕಿವಿ ಹಿಂಡು.

ಮೊದಲು ಒಂದು ತಪ್ಪೊಪ್ಪಿಗೆ. ಹೋದ ವರ್ಷ ನಿನ್ನ ಮಗ ವೀರೇಶ ಡಬ್ಬಿ ಮಾಡುತ್ತಾನೆ, ಡಬ್ಬಿ ಗಾಳಿಯ ತೇವ ಅಳೆದು ಫೋನಿಗೆ ಸುದ್ದಿ ಕಳಿಸುತ್ತದೆ ಎಂದು ನೀನು ಕೊಚ್ಚಿಕೊಂಡಾಗ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ನಿನ್ನ ಯಜಮಾನರು ಅಜ್ಜಪ್ಪಣ್ಣನವರೂ ನಂಬಿರಲಿಲ್ಲವಲ್ಲ! ಶೇಂಗಾ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿ, ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವರು ಅವರು. ಅದೇ ವರ್ಷ ಯುಗಾದಿಯ ನಂತರದ ಮಳೆಯಲ್ಲಿ ಗೋದಾಮಿನ ತಗಡು ಸೋರಿ, ಹಿಂದಿನ ಸಾಲಿನ ಚೀಲಗಳಿಗೆ ತೇವ ಹಿಡಿಯುತ್ತಿರುವುದನ್ನು ಅವರ ಕೈಗಿಂತ ಮೊದಲು ಡಬ್ಬಿ ಹೇಳಿತು. ಚೀಲ ಬೂಸಲು ಹಿಡಿಯುವ ಮೊದಲೇ ಎಳೆದು ಒಣಗಿಸಿದರು. ಈಗ ಅವರೇ ಬಂದವರಿಗೆಲ್ಲ ಫೋನು ತೋರಿಸುತ್ತಾರಂತೆ. ನಿಮ್ಮ ಬೀದಿಯ ನೀರಿನ ಟ್ಯಾಂಕಿಗೂ ಒಂದು ಹಾಕಿಸಿಕೊಂಡಿರಿ. ನೀರು ಬಿಡುವ ಹೊತ್ತು ಮೊದಲೇ ಫೋನಿಗೆ ಬರುತ್ತದೆ, ಕೊಡ ಇಟ್ಟುಕೊಂಡು ಬೆಳಗೆಲ್ಲ ಕಾಯುವ ಕೆಲಸ ತಪ್ಪಿತು ಎಂದೆಯಲ್ಲ, ಅದಕ್ಕೆ ಮಾತ್ರ ನನಗೆ ಹೊಟ್ಟೆಕಿಚ್ಚಾಯಿತು.

ಆ ಹೊಟ್ಟೆಕಿಚ್ಚಿನಲ್ಲೇ ವೀರೇಶನನ್ನು ನಮ್ಮ ಬೀದಿಗೆ ಕರೆಸಿದವಳು ನಾನು. ಬೇಸಿಗೆ ಬಂತೆಂದರೆ ಒಣಗಾಳಿಗೆ ರೇಷ್ಮೆ ಎಳೆ ಪಟಪಟ ತುಂಡಾಗುತ್ತದೆ. ನೇಯುವವರು ಕಾಲಿಳಿಸಿ ಕೂರುವ ಮಗ್ಗದ ಗುಂಡಿಯ ಸುತ್ತ ಗೋಣಿಚೀಲ ನೆನೆಸಿ ಹಾಸುತ್ತೇವೆ, ಆದರೆ ಎಷ್ಟು ನೆನೆಸಬೇಕು, ಯಾವಾಗ ನೆನೆಸಬೇಕು ಎಂಬುದೆಲ್ಲ ಅಂದಾಜು. ಈಗ ಗೋಡೆಯ ಮೇಲಿನ ಡಬ್ಬಿ ಗಾಳಿ ಒಣಗಿದ ಕೂಡಲೇ ಟಿಣ್ ಎನ್ನುತ್ತದೆ, ನಾವು ನೀರು ಚಿಮುಕಿಸುತ್ತೇವೆ. ಹದಿನೆಂಟು ದಿನ ಹಿಡಿಯುತ್ತಿದ್ದ ಸೀರೆ ಈ ಬೇಸಿಗೆಯಲ್ಲಿ ಹದಿನಾಲ್ಕು ದಿನಕ್ಕೆ ಇಳಿಯಿತು.

ಇನ್ನೊಂದು ಸಣ್ಣ ಡಬ್ಬಿ ಮಗ್ಗದ ಹಲಗೆಗೆ. ಎಳೆಯನ್ನು ಬಡಿದು ಕೂರಿಸುವ ಒಂದೊಂದು ಏಟನ್ನೂ ಅದು ಎಣಿಸುತ್ತದೆ. ಸೀರೆ ಮಗ್ಗದಿಂದ ಇಳಿದಾಗ ನೇಕಾರರ ಸಂಘದವರು ಒಂದು ಚೀಟಿ ಕಟ್ಟುತ್ತಾರೆ. ಕೊಳ್ಳುವವರು ಫೋನು ಹಿಡಿದರೆ ಯಾವ ಮಗ್ಗ, ಯಾರ ಕೈ, ಎಷ್ಟು ದಿನ, ಎಷ್ಟು ಏಟು ಎಲ್ಲ ಕಾಣುತ್ತದೆ. ಯಂತ್ರದ ಮಗ್ಗದ ಸೀರೆಯನ್ನು ಮೊಳಕಾಲ್ಮೂರು ಸೀರೆ ಎಂದು ಮಾರುವವರ ಬಾಯಿಗೆ ಬೀಗ ಬಿತ್ತು. ಹನ್ನೆರಡು ಮನೆಗೆ ಹಾಕಿದರು. ನಮ್ಮದು ಏಳನೆಯದು.

ಇಷ್ಟು ಚೆನ್ನಾಗಿ ನಡೆಯುತ್ತಿದ್ದದ್ದು ಹೋದ ತಿಂಗಳ ಮೊದಲ ವಾರದಲ್ಲಿ ಕೆಡುವುದರಲ್ಲಿತ್ತು. ವೀರೇಶ ನಿನಗೆ ಅರ್ಧ ಹೇಳಿರುತ್ತಾನೆ. ಪೂರ್ತಿ ನಾನು ಹೇಳುತ್ತೇನೆ, ಕೇಳು.

ತಿಂಗಳಿಗೊಮ್ಮೆ ಸಂಘದ ಸಭೆಯಲ್ಲಿ ಕಾರ್ಯದರ್ಶಿ ವಿಶ್ವನಾಥ್ ಎಲ್ಲ ಮಗ್ಗಗಳ ಏಟಿನ ಪಟ್ಟಿ ಓದುತ್ತಾರೆ. ಅವತ್ತು ಓದುತ್ತಾ ಓದುತ್ತಾ ನಿಂತುಬಿಟ್ಟರು. ಏಪ್ರಿಲ್ ಅಮಾವಾಸ್ಯೆ, ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರು, ಏಳನೇ ಮಗ್ಗದಲ್ಲಿ ಏಟು ಬಿದ್ದಿದೆ! ಅಮಾವಾಸ್ಯೆ ಎಂದರೆ ನಮ್ಮ ಬೀದಿಯಲ್ಲಿ ಮಗ್ಗ ಮುಟ್ಟುವುದಿಲ್ಲ ಎಂದು ನಿನಗೆ ಗೊತ್ತು. ಅದೊಂದೇ ದಿನ ಬಿಡುವೆಂದು ತಾನೇ ನಾನು ನಿನ್ನಲ್ಲಿಗೆ ಬರುವುದು. ಅವತ್ತೂ ನಿನ್ನ ಮನೆಯಲ್ಲಿ ನಿನ್ನ ಮಗಳು ತ್ರಿವೇಣಿ ಮಾಡಿದ ಹೋಳಿಗೆ ತಿನ್ನುತ್ತಾ ಕೂತಿದ್ದೆ. ನಮ್ಮ ಯಜಮಾನರು ತಂಗಿಯನ್ನು ನೋಡಲು ಬಿ.ಜಿ. ಕೆರೆಗೆ ಹೋಗಿದ್ದರು.

ಎಲ್ಲರೂ ಯಜಮಾನರನ್ನೇ ನೋಡಿದರು. ನಮ್ಮ ಕೃಷ್ಣಕುಮಾರರಿಗೆ ಸಿಟ್ಟು ಬರುವುದು ಅಪರೂಪ. ಅವತ್ತು ಬಂತು. "ನಾನು ಊರಾಗೇ ಇರ್ಲಿಲ್ಲ. ಡಬ್ಬಿ ಸುಳ್ಳು ಹೇಳ್ತೈತೆ" ಎಂದು ಮೇಜು ಗುದ್ದಿದರು. ಮೊದಲಿನಿಂದಲೂ ಡಬ್ಬಿ ಕಂಡರಾಗದ ನಮ್ಮ ಬೀದಿಯ ಚೌಡೇಶಣ್ಣನಿಗೆ ಅಷ್ಟೇ ಸಾಕಾಯಿತು. "ಡಬ್ಬಿ ಸುಳ್ಳಾದ್ರೆ ಚೀಟಿನೂ ಸುಳ್ಳೇ. ಸುಳ್ಳು ಚೀಟಿ ಕಟ್ಟಿ ಊರ ಮರ್ಯಾದೆ ಕಳೀಬೇಡ್ರಿ. ಹನ್ನೆರಡೂ ಕಿತ್ತಾಕ್ರಿ" ಎಂದ. ಹೌದು ಹೌದು ಎಂದವರೇ ಹೆಚ್ಚು.

ಸಭೆಗೆ ಬಂದಿದ್ದ ನಿನ್ನ ಮಗನ ಮುಖ ನೋಡಲಾಗಲಿಲ್ಲ ಬಸಮ್ಮ. ಅವನು ಪಟ್ಟಿಯ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿದ. "ಹನ್ನೆರಡು ಗಂಟೆಗೆ ಗೋಡೆ ಡಬ್ಬಿಯಾಗೆ ತೇವನೂ ಏರೈತ್ರಿ. ಟಿಣ್ ಅಂದಾಗ ಯಾರೋ ಗೋಣಿಚೀಲ ನೆನೆಸ್ಯಾರೆ. ಏಟಿಗೂ ಏಟಿಗೂ ನಡುವೆ ಬೇರೆ ದಿನಕ್ಕಿಂತ ಮೂರು ಪಟ್ಟು ಹೊತ್ತು ಹಿಡಿದೈತೆ. ಯಾರೋ ಒಬ್ರೇ ಕೂತು ನೇಯ್ದಾರೆ. ನಿಮಗೆ ಬ್ಯಾಡಂದ್ರೆ ಬಿಚ್ಕೊಂಡ್ ಹೋಗ್ತೀನ್ರಿ, ಆದ್ರೆ ಅದು ಸುಳ್ಳು ಹೇಳಿಲ್ಲ" ಎಂದ.

ಒಬ್ಬರೇ ಎಂದನಲ್ಲ, ಅದು ನಿನಗೆ ಅರ್ಥವಾಗಬೇಕಾದರೆ ನಮ್ಮ ಸೀರೆಯ ಗುಟ್ಟು ಹೇಳಬೇಕು. ಒಡಲಿಗೊಂದು, ಎರಡು ಅಂಚಿಗೆ ಎರಡು, ಒಟ್ಟು ಮೂರು ಲಾಳಿ. ನೇಯುವವರು ಗುಂಡಿಯಲ್ಲಿ ಕೂತರೆ, ಆಚೆ ಬದಿಯ ಅಂಚಿನ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಇಪ್ಪತ್ತೆಂಟು ವರ್ಷದಿಂದ ಆ ಇನ್ನೊಬ್ಬರು ನಾನೇ. ಈಗ ಯಜಮಾನರು ನೇಯುತ್ತಾರೆ. ಮೊದಲು ನೇಯುತ್ತಿದ್ದವರು ನಮ್ಮತ್ತೆ ಯರ್ರಮ್ಮ.

ಅವರ ಕೈ ಎಂಥದ್ದೆಂದು ಊರಿಗೇ ಗೊತ್ತು. ಆದರೆ ಐದು ವರ್ಷದ ಹಿಂದೆ ಒಂದು ಸೀರೆಯ ಅಂಚು ಕೆಟ್ಟಿತು. ಎರಡು ಕಡೆ ಎಳೆ ತಪ್ಪಿ, ಸೀರೆ ಸಂಘದಿಂದ ವಾಪಸ್ ಬಂತು. ವಯಸ್ಸಾಯಿತು, ಕಣ್ಣು ಮಂಜಾಗಿದೆ, ಇನ್ನು ಸುಮ್ಮನೆ ಕೂತು ಉಣ್ಣವ್ವ ಎಂದು ಮಗ ಹೇಳಿದರು. ಎಲ್ಲರೂ ಹೂಂ ಅಂದೆವು. ಅತ್ತೆ ಗುಂಡಿಯಿಂದ ಎದ್ದು ಬಂದರು. ಆಮೇಲೆ ಸೊಪ್ಪು ಸೋಸುವುದು, ಬಾಗಿಲಲ್ಲಿ ಕೂರುವುದು, ಅಮಾವಾಸ್ಯೆ ದಿನ ಯಾವುದಾದರೂ ಮಗು ಮಗ್ಗದ ಹಗ್ಗ ಎಳೆದರೂ ಗದರುವುದು, ಇಷ್ಟೇ ಅವರ ಕೆಲಸ. ಅಂಥವರ ಮೇಲೆ ಯಾರಿಗೆ ಅನುಮಾನ ಬರಬೇಕು ಹೇಳು?

ನನಗೆ ಬಂತು. ಆ ಅಮಾವಾಸ್ಯೆಯಂದು ಚಳ್ಳಕೆರೆಯಿಂದ ಸಂಜೆ ವಾಪಸ್ಸಾದಾಗ ಗೋಣಿಚೀಲಗಳು ಒದ್ದೆಯಾಗಿದ್ದವು. ನೋಡಿದ್ದೆ, ಮರೆತಿದ್ದೆ. ಸಭೆಯಲ್ಲಿ ನೆನಪಾಯಿತು. ಹೇಳಿದರೆ ಅತ್ತೆ ನಾಲ್ಕು ಜನರ ಮುಂದೆ ತಪ್ಪಿತಸ್ಥೆ. ಹೇಳದಿದ್ದರೆ ವೀರೇಶನ ಒಂದು ವರ್ಷದ ದುಡಿಮೆ ಮಣ್ಣುಪಾಲು. ನಾನೇ ಕರೆತಂದ ಹುಡುಗ. ಆದರೂ ಬಾಯಿ ಬಿಡಲಿಲ್ಲ, ನಿನ್ನಾಣೆ ಹೇಳುತ್ತೇನೆ, ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಬಾಗಿಲಲ್ಲಿ ಕೋಲಿನ ಸದ್ದು. ನಮ್ಮ ಮನೆ ಸಂಘದಿಂದ ನಾಲ್ಕನೆಯದು, ಗಲಾಟೆ ಅಲ್ಲಿಗೆ ಕೇಳಿಸಿತ್ತು. ಅತ್ತೆ ಹೊಸ್ತಿಲಲ್ಲೇ ನಿಂತು ತಮ್ಮ ಮನೆಮಾತು ತೆಲುಗಿನಲ್ಲಿ, "ಡಬ್ಬಾ ಅಬದ್ಧಂ ಚೆಪ್ಪಲೇದು. ನೇನೇ ನೇಸ್ತಿ" ಎಂದರು. ನಿನಗೆ ತೆಲುಗು ಬರುವುದಿಲ್ಲವಲ್ಲ, ಡಬ್ಬಿ ಸುಳ್ಳು ಹೇಳಲಿಲ್ಲ, ನೇಯ್ದವಳು ನಾನೇ ಎಂದರ್ಥ.

ಚೌಡೇಶಣ್ಣ ಬಿಡಲಿಲ್ಲ. "ಕಣ್ಣು ಕಾಣದೋಳು ಹೆಂಗ್ ನೇಯ್ತೀಯಮ್ಮ?" ಎಂದ.

"ಕಣ್ಣು ಕಾಣಲ್ಲ ಅಂತ ನಿನಗ್ಯಾರಲೇ ಹೇಳಿದ್ರು? ನಾನ್ ಹೇಳಿದ್ನಾ?" ಎಂದು ಕೇಳಿದರು ಅತ್ತೆ, ಈ ಸಲ ಕನ್ನಡದಲ್ಲೇ. ಆಮೇಲೆ ಸ್ವಲ್ಪ ತಣ್ಣಗಾಗಿ, "ಬೇರೆ ದಿನ ಇವ್ರು ನನ್ನ ಮಗ್ಗದ ಹತ್ರ ಬಿಡಲ್ಲ. ಆ ಅಮಾಸೆ ದಿನ ಮನೆ ಖಾಲಿ ಸಿಕ್ತು. ಮುಟ್ಟಬಾರದು ಅಂತ ನಾನೇ ನಿಮಗೆಲ್ಲ ಹೇಳಿಕೊಟ್ಟಿದ್ದು, ತಪ್ಪಾಗಿದ್ರೆ ದೇವಿ ಹತ್ರ ನಾನೇ ಹೇಳ್ಕೋತೀನಿ. ಆ ಹುಡುಗನ ಡಬ್ಬಿ ತಂಟೆಗೆ ಹೋಗಬ್ಯಾಡ್ರಿ" ಎಂದರು.

ಸಭೆಗೆ ಸಭೆಯೇ ನಮ್ಮ ಮನೆಗೆ ಬಂತು. ಅಮಾವಾಸ್ಯೆಯ ಸೀರೆ ಇನ್ನೂ ಮಗ್ಗದ ಮೇಲಿತ್ತು. ಸುತ್ತಿದ ಬಟ್ಟೆ ಬಿಚ್ಚಿ, ನಿಮ್ಮವ್ವ ನೇಯ್ದದ್ದು ಯಾವುದು ತೋರಿಸು ಎಂದು ಯಜಮಾನರನ್ನು ಕೇಳಿದರು. ಅವರು ಬೆರಳಾಡಿಸಿದರು, ಕನ್ನಡಕ ಹಾಕಿದರು, ತೆಗೆದರು. ಗೊತ್ತಾಗಲಿಲ್ಲ. ಕೊನೆಗೆ ವೀರೇಶ ಏಟಿನ ಲೆಕ್ಕ ಹಿಡಿದು ಹಿಂದಕ್ಕೆ ಎಣಿಸಿ, ಒಂದು ಗೇಣಿನ ಜಾಗ ತೋರಿಸಿದ. ವಿಶ್ವನಾಥ್ ದೀಪ ಹಿಡಿದು ನೋಡಿದರು. ಮೂರೂ ಲಾಳಿ ಒಬ್ಬರೇ ಎಸೆದದ್ದು, ಅಂಚಿನಲ್ಲಿ ಒಂದೇ ಒಂದು ಎಳೆ ಆಚೀಚೆ ಆಗಿರಲಿಲ್ಲ. ಚೌಡೇಶಣ್ಣ ತಲೆ ಕೆರೆದುಕೊಂಡು, "ಇರ್ಲಿ ಬಿಡ್ರಿ, ಡಬ್ಬಿ ಸಾಚಾನೇ ಐತೆ" ಎಂದ. ಎಲ್ಲರೂ ನಗುತ್ತಿದ್ದರು. ನಾನು ಕಾಫಿಗೆ ನೀರಿಡುತ್ತೇನೆ ಎಂದು ಒಳಗೆ ಹೋಗಿ, ಆ ನೀರು ಕುದಿದು ಬತ್ತುವವರೆಗೂ ಅಲ್ಲೇ ನಿಂತಿದ್ದೆ.

ಮಾರನೆಯ ದಿನವೇ ಯಜಮಾನರು ಹಿಂದಿನ ಕೋಣೆಯ ಹಳೇ ಗುಂಡಿಯ ಮೇಲಿನ ಹಲಗೆ ತೆಗೆಸಿದರು. ಅದರ ಮೇಲೆ ನನ್ನ ಗ್ರೈಂಡರು ಕೂತಿತ್ತು, ಅದಕ್ಕೀಗ ಜಾಗವಿಲ್ಲ, ದೋಸೆ ಕೇಳಬೇಡ. ಮಗ್ಗ ಕೂರಿಸಿ, ಹದಿಮೂರನೇ ಡಬ್ಬಿ ಹಾಕಿಸಿದೆವು. ಅತ್ತೆ ದಿನಕ್ಕೆ ಮೂರು ತಾಸು ನೇಯುತ್ತಾರೆ, ಹೆಚ್ಚಾದರೆ ಬೆನ್ನು ಹಿಡಿಯುತ್ತದೆ. ಮಧ್ಯಾಹ್ನ ನಾನು ಅವರ ಪಕ್ಕ ಲಾಳಿ ಎಸೆಯುತ್ತೇನೆ. ಮೊನ್ನೆ ಅವರ ಮೊದಲ ಸೀರೆ ಇಳಿಯಿತು. ನೇರಳೆ ಒಡಲು, ಹಳದಿ ಅಂಚು. ಚೀಟಿಯಲ್ಲಿ ಯರ್ರಮ್ಮ ಎಂದು ಅಚ್ಚಾಗಿ ಬಂತು. ಅರವತ್ತು ವರ್ಷ ನೇಯ್ದಿದ್ದಾರೆ ಬಸಮ್ಮ, ಎಲ್ಲ ಮಾವನವರ ಹೆಸರಿನಲ್ಲಿ, ಆಮೇಲೆ ಮಗನ ಹೆಸರಿನಲ್ಲಿ ಹೋಗಿತ್ತು. ಓದಲು ಬಾರದಿದ್ದರೂ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇಷ್ಟು ಸಣ್ಣಕ್ಷರನಾ? ಇನ್ನೊಂದಿಷ್ಟು ದಪ್ಪ ಹಾಕಾಕೆ ಏನಾಗೈತೆ ಇವ್ರಿಗೆ" ಎಂದು ವಿಶ್ವನಾಥರನ್ನು ಬೈದರು. ನನಗೆ ಆ ಬೈಗುಳ ಕೇಳಿ ಎಷ್ಟು ಸಂತೋಷವಾಯಿತೆಂದು ಹೇಳಲಾರೆ.

ನಿನ್ನ ಮಗನಿಗೆ ಇನ್ನೂ ಎಂಟು ಮನೆಯವರು ಡಬ್ಬಿ ಕೇಳಿದ್ದಾರೆ. ಕೇಳಿದವರಲ್ಲಿ ಮೊದಲನೆಯವನು ಚೌಡೇಶಣ್ಣ. ವೀರೇಶನಿಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳು, ಬರಬರುತ್ತಾ ಲಾಳಿಯ ಕಡ್ಡಿಯಂತಾಗಿದ್ದಾನೆ. ಅಜ್ಜಪ್ಪಣ್ಣನವರಿಗೆ ನಮಸ್ಕಾರ, ತ್ರಿವೇಣಿಗೆ ಆಶೀರ್ವಾದ.

ಇಂತಿ, ನಿನ್ನ ಹುಣಸೆಹಣ್ಣಿನ ಋಣ ಇನ್ನೂ ಮರೆಯದ,
ಪಾಲಮ್ಮ

ಮರೆತಿದ್ದು: ಮರೆತಿರಲಿಲ್ಲ, ಧೈರ್ಯ ಸಾಲದೆ ಮೇಲೆ ಬರೆಯಲಿಲ್ಲ. ಐದು ವರ್ಷದ ಹಿಂದೆ ಕೆಟ್ಟ ಆ ಅಂಚು ಅತ್ತೆಯ ಬದಿಯದಲ್ಲ, ನನ್ನ ಬದಿಯದು. ಮಗಳು ದಿವ್ಯಶ್ರೀಯನ್ನು ಗಂಡನ ಮನೆಗೆ ಕಳಿಸಿ ವಾರವಾಗಿತ್ತು, ಅಳುತ್ತಲೇ ಲಾಳಿ ಎಸೆಯುತ್ತಿದ್ದೆ, ಎರಡು ಸಲ ತಪ್ಪಿತು. ಎಲ್ಲರೂ ಅತ್ತೆಯ ಕಣ್ಣು ಎಂದಾಗ ನಾನೂ ಹೂಂ ಅಂದೆ. ನಿನ್ನೆ ಸಂಜೆ ತಡೆಯಲಾರದೆ ಅವರ ಕಾಲು ಹಿಡಿದು ಹೇಳಿಬಿಟ್ಟೆ. ಅವರು ಲಾಳಿಗೆ ನೂಲು ತುಂಬುತ್ತಿದ್ದವರು ತಲೆ ಎತ್ತಲಿಲ್ಲ. "ಅವತ್ತೇ ಗೊತ್ತಿತ್ತು ಕಣಮ್ಮ. ಮಗಳನ್ನ ಕಳಿಸಿ ಅಳ್ತಿದ್ದೋಳ ಮ್ಯಾಲೆ ಇದನ್ನೂ ಯಾಕೆ ಹಾಕೋದು ಅಂತ ಸುಮ್ನಾದೆ. ನಾಲ್ಕು ದಿನದ ಮಾತು ಅಂದ್ಕೊಂಡಿದ್ದೆ, ನೀವು ಐದು ವರ್ಷ ಕೂರ್ಸಿಬಿಟ್ರಿ" ಎಂದರು.