ಬಹುದು, ತಕ್ಕದ್ದು

ಎಲ್ಕ್‌ಫೋರ್ಡ್
ಮಂಗಳವಾರ, ಅಕ್ಟೋಬರ್ 9, 1928

ಪ್ರೀತಿಯ ಲೆಮ್,

ನಿನ್ನ ಮೂರು ಕಾಗದಗಳೂ ಮೇಜಿನ ಮೇಲೆ ಹಾಗೇ ಇವೆ. ಒಂದಕ್ಕೂ ಉತ್ತರ ಬರೆಯದ ನನ್ನನ್ನು ನೀನು ಎಷ್ಟು ಬೈದರೂ ಸರಿಯೇ. ಕೆಲಸ ಜಾಸ್ತಿ ಎಂದು ಬರೆಯಲು ಹೊರಟಿದ್ದೆ. ಆದರೆ ಹನ್ನೆರಡು ವರ್ಷ ಸೆನೆಟ್ಟಿನಲ್ಲಿ ನನ್ನ ಪಕ್ಕದಲ್ಲೇ ಕೂತು, ನನ್ನ ಸುಳ್ಳುಗಳನ್ನೆಲ್ಲ ಹತ್ತಿರದಿಂದ ಕೇಳಿಸಿಕೊಂಡವನ ಮುಂದೆ ಆ ನೆಪ ನಡೆಯುವುದಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಮಾರ್ಥಾ ಈಗಲೂ ನಿನಗೆ ಆ ಕಹಿ ಕಷಾಯ ಕುಡಿಸುತ್ತಿದ್ದಾಳೆಯೇ? ಇಲ್ಲಿ ಕೋರಾ ಚೆನ್ನಾಗಿದ್ದಾಳೆ, ನನ್ನ ಮೇಲೆ ಸಿಟ್ಟಾಗಿರುವುದನ್ನು ಬಿಟ್ಟರೆ. ಬೆಳಗಿನಿಂದ ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಡುತ್ತಿದ್ದೇನೆ. "ರೀ, ನೆಲದ ಹಲಗೆ ಸವೆದು ಹೋಗತ್ತೆ. ಕೂತ್ಕೊಳ್ಳಿ, ಇಲ್ಲ ಹೊರಗೆ ಹೋಗಿ ಸೌದೆನಾದ್ರೂ ಒಡೀರಿ" ಎಂದಳು. ಹೋಗಿ ನಾಲ್ಕು ಕೊರಡು ಒಡೆದು ಬಂದು ಮತ್ತೆ ಓಡಾಡಿದೆ. ಈ ಕಾಗದ ಶುರುಮಾಡಿ ಎದ್ದದ್ದು ಇದು ಐದನೆಯ ಸಲ.

ರಾಜಕಾರಣಿಯನ್ನು ತಂದು ನ್ಯಾಯಪೀಠದ ಮೇಲೆ ಕೂರಿಸಬಾರದು, ಲೆಮ್. ಮೊದಲ ದಿನದ ಕಥೆ ನಿನಗೆ ಹೇಳಿದ್ದೆನೋ ಇಲ್ಲವೋ. ಕುದುರೆ ಕದ್ದವನೊಬ್ಬನನ್ನು ಎದುರಿಗೆ ತಂದು ನಿಲ್ಲಿಸಿದರು. ನಾನು ಪೀಠ ಇಳಿದು ಹೋಗಿ ಅವನ ಕೈಕುಲುಕಿ, "ಮನೇಲಿ ಎಲ್ಲಾ ಹೇಗಿದಾರೆ?" ಎಂದೆ. ಅಭ್ಯಾಸ! ಕೋರ್ಟಿಗೆ ಕೋರ್ಟೇ ಬಿದ್ದು ಬಿದ್ದು ನಕ್ಕಿತು. ಕಳ್ಳ ಮಾತ್ರ ನಗಲಿಲ್ಲ. "ಎಲ್ಲಾ ಚೆನ್ನಾಗಿದಾರೆ ಸಾರ್, ನಿಮ್ಮನ್ನ ಕೇಳ್ತಿದ್ರು" ಎಂದ.

ನಗಿಸಲು ಬರೆದದ್ದು ಇಷ್ಟೇ. ಇನ್ನು ವಿಷಯಕ್ಕೆ ಬರುತ್ತೇನೆ.

ಇಲ್ಲಿ ನದಿಯಾಚೆ ಬೊಜೆನಾ ಕುಚೆರಾ ಎಂಬ, ಬೊಹೀಮಿಯಾದಿಂದ ವಲಸೆ ಬಂದ ವಿಧವೆ ಇದ್ದಾಳೆ. ಐವತ್ತು ದಾಟಿದ ಹೆಂಗಸು. ಅವಳ ಹಿತ್ತಿಲಲ್ಲಿ ಒಂಬತ್ತು ಪ್ಲಮ್ ಮರಗಳಿವೆ. ಹಣ್ಣು ಬಿದ್ದು ಕೊಳೆಯುವುದನ್ನು ಅವಳಿಂದ ನೋಡಲಾಗುವುದಿಲ್ಲ. ಬಟ್ಟೆ ಬೇಯಿಸುವ ಹಂಡೆಯಲ್ಲಿ ಅದರ ಸಾರಾಯಿ ಇಳಿಸುತ್ತಾಳೆ, ಅವರ ಊರಿನಲ್ಲಿ ಅವಳ ಅಜ್ಜಿ ಇಳಿಸುತ್ತಿದ್ದ ಹಾಗೆ. ಮದುವೆ, ನಾಮಕರಣ ಎಂದರೆ ಅವರ ಜನ ಅವಳ ಮನೆಗೇ ಬರುತ್ತಾರೆ. ಮೂರು ಸಲ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದ್ದಳು. ಆಗಸ್ಟಿನಲ್ಲಿ ಮತ್ತೆ ಸಿಕ್ಕಿಬಿದ್ದಳು, ಎರಡು ಬಾಟಲಿಯ ಸಮೇತ. ಇದು ನಾಲ್ಕನೆಯದು.

ನಾಲ್ಕನೆಯದು ಎಂದ ಕೂಡಲೇ ನಿನಗೆ ಗೊತ್ತಾಗಿರಬೇಕು. ನಮ್ಮ ಪಾನನಿಷೇಧ ಕಾಯ್ದೆಯ ಆರನೆಯ ಕಲಮು. ನಾಲ್ಕನೆಯ ಅಪರಾಧಕ್ಕೆ "ಜೀವಾವಧಿ ಶಿಕ್ಷೆ ವಿಧಿಸಬಹುದು" ಎಂದು ನೀನು ಬರೆದಿದ್ದೆ. ನಾನು ಸಭೆಯಲ್ಲೇ ಎದ್ದು ನಿಂತು ಪೆನ್ಸಿಲಿನಿಂದ "ಬಹುದು" ಹೊಡೆದುಹಾಕಿ "ವಿಧಿಸತಕ್ಕದ್ದು" ಎಂದು ಮಾಡಿದೆ. ನೀನು ನನ್ನ ಕೋಟಿನ ತೋಳು ಹಿಡಿದು ಎಳೆದೆ. "ಆರಿನ್, ಜಡ್ಜಿಗೆ ಉಸಿರಾಡೋಕಾದ್ರೂ ಒಂದು ಕಿಂಡಿ ಬಿಡೋ" ಎಂದೆ. ನಾನು ಗ್ಯಾಲರಿಯಲ್ಲಿ ಪಾನವಿರೋಧದ ಬಿಳಿ ರಿಬ್ಬನ್ ಕಟ್ಟಿಕೊಂಡು ಕೂತಿದ್ದ ಚರ್ಚಿನ ಹೆಂಗಸರನ್ನು ನೋಡಿಕೊಂಡು, "ಜಡ್ಜುಗಳ ಮನಸ್ಸು ಬೆಣ್ಣೆ, ಅವರ ಕೈ ಕಟ್ಟಿಹಾಕಬೇಕು" ಎಂದೆ. ಎಂಥಾ ಚಪ್ಪಾಳೆ! ಆ ಚಪ್ಪಾಳೆಯಿಂದಲೇ ಮುಂದಿನ ಚುನಾವಣೆ ಗೆದ್ದೆ, ಆಮೇಲೆ ಈ ಪೀಠವೂ ಸಿಕ್ಕಿತು. ನಂಬಿ ಮಾಡಿದ್ದಾಗಿದ್ದರೆ ಬೇರೆ ಮಾತು. ನನಗೆ ನಂಬಿಕೆಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಆ ಕ್ಷಣಕ್ಕೆ ಪದ ಚೆನ್ನಾಗಿ ಕೇಳಿಸಿತು, ಅಷ್ಟೇ.

ಮೂರು ವಾರ ದಾರಿ ಹುಡುಕಿದೆ. ಕಾನೂನಿನ ಪುಸ್ತಕ ಇಳಿಸಿದೆ, ಏರಿಸಿದೆ. ಸರ್ಕಾರಿ ವಕೀಲನನ್ನು ಕೊಠಡಿಗೆ ಕರೆಸಿ, "ಮೊದಲನೇದು ಬಹಳ ಹಳೇದು, ಲೆಕ್ಕದಿಂದ ಬಿಟ್ಟರಾಗಲ್ವಾ? ಆ ಪದಕ್ಕೆ ಬೇರೆ ಅರ್ಥ ಬರಲ್ವಾ?" ಎಂದು ಕೇಳಿದೆ. ಮೂವತ್ತು ತುಂಬದ ಹುಡುಗ, ಬಹಳ ವಿನಯ. "ಆ ಪದದ ಅರ್ಥ ನಿಮಗೆ ನಾನು ಹೇಳೋದಾ ಸಾರ್? ನೀವೇ ಹೊಲಿದ ಅಂಗಿ ಅದು" ಎಂದ.

ಬೇರೆ ನ್ಯಾಯಾಧೀಶರಿಗೆ ಕೊಟ್ಟುಬಿಡೋಣ ಎಂದುಕೊಂಡೆ. ಅವರೂ ಓದುವುದು ಅದೇ ಸಾಲನ್ನು. ಜೊತೆಗೆ ಈ ಪೀಠದ ಚುನಾವಣೆಗೆ ನಾಲ್ಕೇ ವಾರ ಉಳಿದಿದೆ, ಹೆದರಿ ಓಡಿದ ಎನ್ನುತ್ತಾರೆ. ನಿನ್ನ ಹತ್ತಿರ ಮುಚ್ಚುಮರೆ ಏಕೆ, ಈ ಎರಡನೆಯ ಕಾರಣವೇ ಮೊದಲು ಹೊಳೆದದ್ದು.

ನಿನ್ನೆ ಬೆಳಿಗ್ಗೆ ತೀರ್ಪು ಓದಿದೆ. ಜೀವಾವಧಿ. ಎರಡು ಬಾಟಲಿ ಪ್ಲಮ್ ಸಾರಾಯಿಗೆ.

ಲೆಮ್, ನೀನು ಇನ್ನೂ ಸೆನೆಟ್ಟಿನಲ್ಲಿದ್ದೀಯ. ಗವರ್ನರ್ ನಿನ್ನ ಮಾತು ಕೇಳುತ್ತಾರೆ. ಅವರ ಹತ್ತಿರ ಹೋಗಿ ಈ ಹೆಂಗಸಿಗೆ ಕ್ಷಮಾದಾನ ಕೇಳು. ಜನವರಿಯಲ್ಲಿ ಸಭೆ ಸೇರಿದಾಗ "ತಕ್ಕದ್ದು" ತೆಗೆದು ನಿನ್ನ "ಬಹುದು" ವಾಪಸ್ ಹಾಕಿಸು. ನನ್ನ ಹೆಸರು ಮಾತ್ರ ಎತ್ತಬೇಡ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ. ನಿನ್ನ ಗೆಳೆಯ ಹೀಗೇ ಎಂದು ನಿನಗೆ ಗೊತ್ತಲ್ಲ.

ಕೋರಾ ಊಟಕ್ಕೆ ಕರೆಯುತ್ತಿದ್ದಾಳೆ. ಕೋಳಿ, ಜೋಳದ ರೊಟ್ಟಿ ಮಾಡಿದ್ದಾಳೆ. ಮಾರ್ಥಾಳಿಗೆ ನಮ್ಮಿಬ್ಬರ ನೆನಪು ತಿಳಿಸು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನಿನ್ನ ಮಂಡಿಗೆ ಚಳಿಗಾಲ ಹಗುರಾಗಿ ಕಳೆಯಲಿ.

ನಿನ್ನ
ಆರಿನ್ ಹ್ಯಾಸ್ಕೆಲ್

ಬಿಟ್ಟುಹೋದದ್ದು: ಲಕೋಟೆ ಅಂಟಿಸಿದ್ದವನು ಮತ್ತೆ ಹರಿದೆ. ಬಿಟ್ಟುಹೋದದ್ದಲ್ಲ, ನಾನೇ ಬಿಟ್ಟದ್ದು.

ಬೊಜೆನಾಗೆ ನಮ್ಮ ಭಾಷೆ ಬರುವುದಿಲ್ಲ. ನಮ್ಮೂರಿನಲ್ಲಿ ಬೂಟು ಹೊಲಿಯುವ ಮ್ರಾಜೆಕ್‌ನೇ ಕೋರ್ಟಿನಲ್ಲಿ ಅವರ ಜನಕ್ಕೆ ದುಭಾಷಿ. ತೀರ್ಪು ಮುಗಿದ ಮೇಲೆ ಅವಳು ಅವನ ಕಿವಿಯಲ್ಲಿ ಏನೋ ಕೇಳಿದಳು. "ಏನಂತೆ?" ಎಂದೆ.

"ಇದನ್ನ ಮಾಡಿದ್ದು ನೀವಾ, ಪುಸ್ತಕನಾ ಅಂತ ಕೇಳ್ತಿದಾಳೆ, ಸ್ವಾಮಿ."

"ಪುಸ್ತಕ ಅಂತ ಹೇಳು" ಎಂದೆ.

ಆ ಕಾಯ್ದೆ ತಂದ ಧೀರ ಎಂದು ನನ್ನ ಹೆಸರು ದೊಡ್ಡದಾಗಿ ಅಚ್ಚಾಗಿದ್ದ ಚುನಾವಣೆಯ ಹಾಳೆಯನ್ನು ತನ್ನ ಅಂಗಡಿ ಬಾಗಿಲಿಗೆ ಅಂಟಿಸಿದ್ದವನು ಈ ಮ್ರಾಜೆಕ್. ಅವನು ನನ್ನ ಮುಖ ನೋಡಿದ. ಆಮೇಲೆ ನಾನು ಹೇಳಿದ್ದನ್ನು ಹೇಳಿದಂತೆಯೇ ಹೇಳಿದ.

ಅವಳು ನನ್ನ ಕಡೆ ತಿರುಗಿ, ನಿಧಾನವಾಗಿ, ತನ್ನ ಭಾಷೆಯಲ್ಲೇ ಏನೋ ಅಂದಳು. ಮ್ರಾಜೆಕ್ ನೆಲ ನೋಡುತ್ತಾ ಹೇಳಿದ: "ಅದನ್ನ ಓದಿ ಹೇಳೋಕೆ ಪಾಪ ನಿಮಗೆಷ್ಟು ಸಂಕಟ ಆಯ್ತೋ ಅಂತಾಳೆ, ಸ್ವಾಮಿ."

ನಾನು ಹೌದೆಂದು ತಲೆಯಾಡಿಸಿದೆ, ಲೆಮ್.