ಮದುವೆ ಹಾಸಿಗೆಯ ಹತ್ತಿ

ನ್ಯಾಮತಿ
೧೭–೯–೧೯೪೩, ಶುಕ್ರವಾರ

ಪ್ರೀತಿಯ ಮಗ ಬುಡನ್‌ಸಾಬನಿಗೆ ನಿನ್ನ ಅವ್ವ ಮಾಡುವ ದುವಾ.

ಇವತ್ತು ಹದಿನಾರನೆಯ ರೋಜಾ. ನಸುಕಿನ ಸಹರಿ ಊಟಕ್ಕೆ ಎದ್ದು ರೊಟ್ಟಿ ತಟ್ಟಿ, ನಿಮ್ಮ ಅಪ್ಪನಿಗೆ ಬಡಿಸಿ ನಾನೂ ಉಂಡು, ನಮಾಜು ಮುಗಿಸಿದೆ. ಕೊಟ್ಟಿಗೆ ಬಾಚಿ, ಎಮ್ಮೆ ಕರೆದು, ಬಾವಿಯಿಂದ ಆರು ಕೊಡ ನೀರು ಹೊತ್ತು ತಂದು, ಈಗ ಬಾಗಿಲ ಬೆಳಕಿಗೆ ಕಾಗದ ಹಿಡಿದು ಕೂತಿದ್ದೇನೆ. ಇಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ಹತ್ತಿ ಹಿಂಜುವ ಬಿಲ್ಲಿನ ಸದ್ದು ಕೇಳಬೇಕಿತ್ತು. ಮೂರು ದಿನದಿಂದ ಅದು ಇಲ್ಲ. ಯಾಕೆ ಎಂಬುದನ್ನು ಬರೆಯಲೆಂದೇ ಕೂತದ್ದು.

ಮೊದಲು ಹೇಳು, ನಿನ್ನ ಮೈ ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಅಲ್ಲಿ ರೋಜಾ ಹಿಡಿಯಲು ಆಗದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ದಾರಿಯ ಮೇಲಿರುವವರಿಗೆ ಅಲ್ಲಾಹನೇ ವಿನಾಯಿತಿ ಕೊಟ್ಟಿದ್ದಾನೆ, ಊರಿಗೆ ಬಂದ ಮೇಲೆ ಲೆಕ್ಕ ಹಾಕಿ ಹಿಡಿದರಾಯಿತು. ಎಲ್ಲಿದ್ದೀಯ ಎಂದು ನೀನು ಬರೆಯುವಂತಿಲ್ಲವಂತೆ. ಆದರೆ ಗುಡ್ಡದ ದಾರಿಯಲ್ಲಿ ಲಾರಿ ನಿಲ್ಲಿಸಿ ಮಲಗಿದರೆ ಬೆಳಗ್ಗೆ ಚಳಿಗೆ ಬೆರಳೇ ಬಗ್ಗುವುದಿಲ್ಲ ಎಂದು ಬರೆದಿದ್ದೆಯಲ್ಲ, ಆ ಸಾಲು ಓದಿದಂದಿನಿಂದ ನಾನು ಕೌದಿ ಹೊದ್ದರೂ ಬೆಚ್ಚಗಾಗಿಲ್ಲ. ನಾವು ಗಟ್ಟಿಯಾಗಿದ್ದೇವೆ. ಸವಳಂಗದಲ್ಲಿ ನಿನ್ನ ತಂಗಿ ಹಫೀಜಾಳಿಗೆ ಈಗ ಏಳು ತಿಂಗಳು. ಹುಳಿ ತಿನ್ನುವುದನ್ನು ನೋಡಿದರೆ ಗಂಡೇ ಎಂದು ಅವಳ ಅತ್ತೆ ಈಗಲೇ ಹೆಸರು ಹುಡುಕುತ್ತಿದ್ದಾಳೆ.

ನಿನ್ನ ಆ ಸಾಲಿನಿಂದಲೇ ಈ ಕೆಲಸಕ್ಕೆ ಇಳಿದೆ. ಯುಗಾದಿ ಕಳೆದ ಮೇಲೆ ಹೆಡ್‌ಮೇಷ್ಟ್ರ ಹೆಂಡತಿ ಭೀಮಕ್ಕನವರು ಊರ ಹೆಂಗಸರನ್ನು ಸ್ಕೂಲಿನಲ್ಲಿ ಸೇರಿಸಿದರು. ದಂಡಿಗೆ ಹೋಗಿರುವ ಹುಡುಗರಿಗೆ ನಾವೇ ಗಂಟು ಕಟ್ಟಿ ಕಳಿಸೋಣ, ಸೋಪು, ಚಟ್ನಿಪುಡಿ, ಅವಲಕ್ಕಿ, ಸೂಜಿ ದಾರ, ಬರೆಯಲು ನಾಲ್ಕು ಕಾರ್ಡು ಎಂದರು. ನಾನು ಪಿಂಜಾರರ ಮನೆಯವಳು, ನನಗೆ ತಿಳಿದದ್ದು ಹತ್ತಿ. ಹತ್ತಿಯನ್ನೂ ಬಟ್ಟೆಯನ್ನೂ ನೀವು ಕೊಡಿ, ನಮ್ಮವರು ಹಿಂಜುತ್ತಾರೆ, ಹತ್ತಿ ತುಂಬಿದ ತೋಳಿಲ್ಲದ ಅಂಗಿ ನಾನು ಹೊಲಿದು ಕೊಡುತ್ತೇನೆ, ಕೂಲಿ ಬೇಡ ಎಂದೆ. ಗಂಟಿನ ಮೇಲೆ ಹೆಸರು ಬರೆಯುವ ಹಾಗಿಲ್ಲ. ಯಾರದು ಯಾರ ಕೈ ಸೇರುತ್ತದೋ ದೇವರೇ ಬಲ್ಲ. ಯಾರ ಮಗನ ಎದೆ ಬೆಚ್ಚಗಾದರೂ ಆಗಲಿ ಎಂದುಕೊಂಡೇ ಹೊಲಿದೆ. ಆದರೂ ಶ್ರಾವಣದಲ್ಲಿ ಹನ್ನೆರಡು ಅಂಗಿ ಕಟ್ಟುವಾಗ ಭೀಮಕ್ಕನವರು, ‘ಇವು ಲಾರಿ ಓಡಿಸೋರ ದಳಕ್ಕೇ ಹೋಗ್ತಾವಂತೆ ರೋಶನಬಿ, ನಿನ್ನ ಮಗನ ಪುಣ್ಯ ಇದ್ರೆ ಅವನಿಗೇ ಸಿಕ್ಕೀತು’ ಎಂದಾಗ, ಸುಳ್ಳು ಯಾಕೆ ಹೇಳಲಿ, ಅವತ್ತು ಊರಲ್ಲಿ ನನ್ನಂಥ ಸುಖಿ ಇನ್ನೊಬ್ಬಳಿರಲಿಲ್ಲ.

ಇನ್ನು ಸಾಹುಕಾರ ಬೆನಕಪ್ಪನ ಸುದ್ದಿ. ಅವನ ಮಗನ ಮದುವೆ ನಿನಗೆ ನೆನಪಿರಬೇಕು, ದಂಡಿಗೆ ಹೋಗುವ ಮುಂಚೆ ನೀನೇ ನೀರು ಹೊತ್ತಿದ್ದೆ. ಜಗಳೂರಿನಿಂದ ಬಂದ ಆ ಸೊಸೆ ಗಾದ್ರಮ್ಮ ಆಷಾಢದಲ್ಲಿ ತೀರಿಕೊಂಡಳು. ಕ್ಷಯ. ವರ್ಷವಿಡೀ ಹಿಂದಿನ ಕೋಣೆಯಲ್ಲಿ ಬಿದ್ದಿದ್ದಳು. ಮನೆಯವರು ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಊಟದ ಗಂಗಾಳವನ್ನು ಕೋಲಿನಿಂದ ಒಳಗೆ ತಳ್ಳುತ್ತಿದ್ದರು. ನಾನು ಎರಡು ಸಲ ಹೋಗಿದ್ದೆ. ಅವಳ ಮದುವೆಯ ಹಾಸಿಗೆ ನಮ್ಮ ಮನೆಯಲ್ಲೇ ಆದದ್ದು. ‘ಚಾಪೆ ಮೇಲೆ ಮಲಗಿ ಮಲಗಿ ಬೆನ್ನು ಕಲ್ಲಾಗೈತೆ ರೋಶನವ್ವ, ಮೆತ್ತಗೆ ಮಾಡಿಕೊಡು’ ಎಂದು ಅರಿಸಿನದ ಕೈಯಲ್ಲೇ ಬಂದು ಹೇಳಿದ್ದಳು. ಕೊನೆಗೆ ಅದೇ ಹಾಸಿಗೆಯ ಮೇಲೆ ರಕ್ತ ಕಾರಿ ಸತ್ತಳು.

ಕಳೆದ ಭಾನುವಾರ ಬೆನಕಪ್ಪ ಸ್ಕೂಲಿಗೆ ಒಂದು ದೊಡ್ಡ ಮೂಟೆ ಹತ್ತಿ ಕಳಿಸಿದ. ‘ಯುದ್ಧದ ಕಾಲದಲ್ಲಿ ಹತ್ತಿಗೆ ಚಿನ್ನದ ಬೆಲೆ, ಆದರೂ ಸಾಹುಕಾರರು ಮನಸ್ಸು ಮಾಡಿದ್ದಾರೆ’ ಎಂದು ಹೆಡ್‌ಮೇಷ್ಟ್ರು ಕರಿಹಲಗೆಯ ಮೇಲೆ ಅವನ ಹೆಸರು ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಈ ಕೈಗೆ ಏನು ಹೇಳಲಿ! ಮಂಗಳವಾರ ಸ್ಕೂಲಿನಲ್ಲೇ ಮೂಟೆ ಬಿಚ್ಚಿದೆ. ರೋಜಾದಲ್ಲಿ ಹತ್ತಿಯ ಎಳೆ ಬಾಯಿಗೆ ಹೋಗಬಾರದೆಂದು ಮೂಗು ಬಾಯಿಗೆ ಸೆರಗು ಕಟ್ಟಿಕೊಂಡಿದ್ದೆ, ಅದಕ್ಕೇ ವಾಸನೆ ತಿಳಿಯಲಿಲ್ಲ. ಕೈ ಹಾಕಿದರೆ ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ತೆಗೆದು ನೋಡಿದರೆ ಲವಂಗ. ಮದುವೆ ಹಾಸಿಗೆಯ ಮೂಲೆಗೆ ಹುಳ ಹತ್ತದಿರಲೆಂದು ಲವಂಗ ಇಡುವವಳು ಈ ಊರಲ್ಲಿ ನಾನೊಬ್ಬಳೇ. ಬೆಳಕಿಗೆ ಹಿಡಿದೆ. ಹತ್ತಿಯ ಉಂಡೆ ಉಂಡೆಗೂ ಕಪ್ಪು ಕಲೆ.

ಮಗನೇ, ಸತ್ತವರು ಮಲಗಿದ್ದ ಹಾಸಿಗೆಯನ್ನು ಯಾವ ಜಾತಿಯವರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಊರಾಚೆ ಸುಡುತ್ತಾರೆ. ಇವನಿಗೆ ಸುಡಲು ಮನಸ್ಸಾಗಲಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಬದುಕಿದ್ದಾಗ ಆ ಹೆಣ್ಣಿನ ಹೊಸ್ತಿಲು ದಾಟದವನು, ಅವಳ ಹಾಸಿಗೆಯನ್ನು ಸಿಪಾಯಿಗಳ ಎದೆಗೆ ಕಟ್ಟಿ ಧರ್ಮವಂತ ಎನಿಸಿಕೊಳ್ಳಲು ಹೊರಟ. ರೋಜಾದಲ್ಲಿ ಸಿಟ್ಟು ಮಾಡಬಾರದು, ಬಾಯಿ ಬಿಗಿ ಹಿಡಿಯಬೇಕು. ಒಂದು ದಿನ ಹಿಡಿದೆ. ಬುಧವಾರ ಬೆನಕಪ್ಪ ಸ್ಕೂಲಿಗೆ ಬಂದಾಗ ಎಲ್ಲರ ಮುಂದೆ ಲವಂಗವನ್ನೂ ಕಲೆಯ ಹತ್ತಿಯನ್ನೂ ಬೆಂಚಿನ ಮೇಲೆ ಇಟ್ಟು, ‘ಸಾಹುಕಾರ್ರೇ, ಇದು ಗಾದ್ರಮ್ಮನ ಹಾಸಿಗೆ, ಹೌದೋ ಅಲ್ಲೋ?’ ಎಂದು ಕೇಳಿದೆ. ಅವನು ಅಲ್ಲ ಎನ್ನಲಿಲ್ಲ. ‘ನಾಲ್ಕು ಬಿಸಿಲು ಕಾಣಿಸಿದ್ರೆ ಎಲ್ಲಾ ಹೋಗ್ತೈತೆ. ಅಲ್ಲಿ ತಲೆ ಮ್ಯಾಲೆ ಬಾಂಬು ಬೀಳ್ತಾವೆ, ಯಾವ ಸಿಪಾಯಿ ಕುಂತು ಹತ್ತಿ ನೋಡ್ತಾನೆ?’ ಎಂದ. ಅಂಗಳದಲ್ಲಿ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದ ಅಂತರಘಟ್ಟಮ್ಮ ಸೌಟು ಹಿಡಿದೇ ಒಳಗೆ ಬಂದಳು. ‘ಹಂಗಾದ್ರೆ ಮೊದಲನೇ ಅಂಗಿ ನಿಮಗೇ ಹೊಲಿಸೋಣ ಬರ್ರಿ, ಅಳತೆ ಕೊಡ್ರಿ. ಹೊಟ್ಟೆ ಕಡೆ ಒಂದು ಮೊಳ ಜಾಸ್ತಿ ಬೇಕಾಗ್ತೈತೆ’ ಎಂದಳು. ಹೆಂಗಸರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಭೀಮಕ್ಕನವರು ನನ್ನ ರಟ್ಟೆ ಹಿಡಿದು, ‘ಸುಮ್ಮನಿರೇ ರೋಶನಬಿ, ಗಂಟು ಸೋಮವಾರ ಹೋಗಬೇಕು, ಬೇರೆ ಹತ್ತಿ ಎಲ್ಲಿಂದ ತರಾಕೆ ಆಗ್ತೈತೆ?’ ಎಂದು ಪಿಸುಗುಟ್ಟಿದರು. ನಾನು ಮೂಟೆಯನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ ಅಂತರಘಟ್ಟಮ್ಮನ ಒಲೆಗೇ ಒಡ್ಡಿದೆ. ಅವಳು ಮೆಣಸಿನಕಾಯಿ ಬಾಣಲಿ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟಳು. ಪೂರ್ತಿ ಸುಟ್ಟು ಬೂದಿಯಾಗುವವರೆಗೆ ನಿಂತಿದ್ದೆ.

ಈಗ ಬೆನಕಪ್ಪ ‘ಸಿಪಾಯಿಗಳ ಮಾಲು ಸುಟ್ಟವಳು’ ಎಂದು ಅರ್ಜಿ ಬರೆಸುತ್ತಾನಂತೆ. ದಸರೆಯ ಮುಂದೆ ಪೇಟೆಯವರ ಹಾಸಿಗೆಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು, ಒಂದೂ ಬಾರದಂತೆ ಮಾಡಿದ್ದಾನೆ. ನಿನ್ನೆ ಸಂಜೆ ಭೀಮಕ್ಕನವರು ಬಂದು, ಭಾನುವಾರ ಎಲ್ಲರ ಮುಂದೆ ತಪ್ಪಾಯಿತು ಎಂದು ಒಂದು ಮಾತು ಹೇಳಿಬಿಡು, ಗಂಟು ಸಾಗಿಸುವ ಗಾಡಿ ಸಾಹುಕಾರರದು ಎಂದರು. ಭೀಮಕ್ಕನವರು ಕೆಟ್ಟವರಲ್ಲ, ಹೆದರಿದವರು. ನೀರು ಬೇಕೇ ಎಂದು ಕೇಳಿದೆ, ಬೇಡ ಎಂದು ಹೋದರು. ನಾನು ತಪ್ಪಾಯಿತು ಎನ್ನುವುದಿಲ್ಲ. ಗಾಡಿ ಇಲ್ಲದಿದ್ದರೆ ಗಂಟುಗಳನ್ನು ನಾವು ಹೆಂಗಸರೇ ಹೊನ್ನಾಳಿಗೆ ತಲೆಯ ಮೇಲೆ ಹೊರುತ್ತೇವೆ. ಈ ಕಾಗದವನ್ನು ದಾರಿಯಲ್ಲಿ ಯಾವ ಸಾಹೇಬ ಒಡೆದು ಓದಿದರೂ ಓದಲಿ, ಅದಕ್ಕೇ ಹೆಸರು ಹಿಡಿದು ಬರೆದಿದ್ದೇನೆ.

ಬಿಲ್ಲಿನ ವಿಷಯ ಹೇಳಿದೆನಲ್ಲ. ಮಂಗಳವಾರ ನಾನು ಲವಂಗ ತೋರಿಸಿದಾಗಿನಿಂದ ನಿಮ್ಮ ಅಪ್ಪ ಬಿಲ್ಲು ಮುಟ್ಟಿಲ್ಲ, ನನ್ನ ಮುಖ ನೋಡಿಲ್ಲ. ಇಫ್ತಾರಿಗೆ ಖರ್ಜೂರ ಕೊಟ್ಟರೆ ಅಂಗೈಯಲ್ಲೇ ಹಿಡಿದು ಕೂರುತ್ತಾರೆ. ಕೆಲಸ ಹೋಯಿತೆಂದು ಹೆದರಿದ್ದಾರೆ. ಹೆಂಡತಿ ಊರ ಮುಂದೆ ಒಬ್ಬಳೇ ನಿಂತಾಗ ಪಕ್ಕದಲ್ಲಿ ಬಂದು ನಿಲ್ಲದ ಗಂಡಸಿನ ಮೇಲೂ ನನಗೆ ಸಿಟ್ಟಿದೆ. ಮಗನಿಗೆ ಬರೆಯುವ ಮಾತಲ್ಲ, ಆದರೂ ಬರೆದೆ.

ನಿನಗೆ ಅಪ್ಪನ ದುವಾ, ಹಫೀಜಾಳ ಸಲಾಮು. ಅಂತರಘಟ್ಟಮ್ಮ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ್ದಾಳೆ. ಅಲ್ಲಾಹನು ನಿನ್ನನ್ನೂ ನಿನ್ನ ಜೊತೆಗಿರುವ ಎಲ್ಲ ತಾಯಂದಿರ ಮಕ್ಕಳನ್ನೂ ಕಾಯಲಿ.

ನಿನ್ನ ಅವ್ವ,
ರೋಶನಬಿ

ತಾ.ಕ. ಕಾಗದ ಮಡಚುವಾಗ ನಿಮ್ಮ ಅಪ್ಪ ಬಾಯಿ ಬಿಟ್ಟರು. ಶ್ರಾವಣದ ಅಂಗಿಗಳಿಗೆ ಬಂದ ಮೊದಲನೇ ಮೂಟೆಯೂ ಗಾದ್ರಮ್ಮನ ಕೋಣೆಯದೇ. ಅವಳ ದಿಂಬು, ಕೆಳಗಿನ ಹಾಸು. ‘ಕಲೆ ಇದ್ದದ್ದು ಆರಿಸಿ ತೆಗೆದು ಹಿಂಜಿದೆ ಕಣೆ, ಉಳಿದದ್ದು ಬೆಳ್ಳಗಿತ್ತು. ಸಾಹುಕಾರ್ರ ಕೆಲಸ ತಪ್ಪಿ ಹೋಗ್ತೈತೆ ಅಂತ ಸುಮ್ಮನಾದೆ’ ಎಂದರು. ಹನ್ನೆರಡು ಅಂಗಿಗೂ ಅದನ್ನೇ ತುಂಬಿ ನಾನೇ ಹೊಲಿದಿದ್ದೇನೆ ಬುಡನ್. ಖಾಕಿ ಬಟ್ಟೆ. ಬಿಳಿ ದಾರ ಸಿಗದೆ ಹಸಿರು ದಾರ ಹಾಕಿದ್ದೇನೆ, ಕತ್ತಿನ ಸುತ್ತ ಎರಡು ಸಾಲು. ನಿನಗೆ ಬಂದಿದ್ದರೆ ಈಗಲೇ ಬಿಚ್ಚಿ ಸುಡು. ಚಳಿ ಎಂದು ನೋಡಬೇಡ, ಅವ್ವ ಹೊಲಿದದ್ದು ಎಂದೂ ನೋಡಬೇಡ. ಬೇರೆಯವರ ಮೈಮೇಲೆ ಕಂಡರೂ ಬಿಚ್ಚಿಸು. ನಿಮ್ಮ ಸಾಹೇಬರಿಗೆ ಹೇಳು, ಹೊಲಿದವಳ ಹೆಸರು ಕೇಳಿದರೆ ನನ್ನ ಹೆಸರೇ ಹೇಳು. ಹನ್ನೆರಡರಲ್ಲಿ ಎಷ್ಟು ಸಿಕ್ಕವು ಎಂದು ತಕ್ಷಣ ಬರೆ. ಇಲ್ಲಿಗೆ ಬರೆಯಬೇಡ, ಇಲ್ಲಿ ಟಪಾಲು ಹಂಚುವುದು ಬೆನಕಪ್ಪನ ಅಂಗಡಿ ಕಟ್ಟೆಯ ಮೇಲೆ. ಸವಳಂಗಕ್ಕೆ, ಹಫೀಜಾಳ ಗಂಡನ ಹೆಸರಿಗೆ ಬರೆ. ಜುಮ್ಮಾದ ದಿನ ಜುಮ್ಮಾದ ದಿನ ನಡೆದು ಹೋಗಿ ಕೇಳಿಕೊಂಡು ಬರಬೇಕೆಂದು ನಿಮ್ಮ ಅಪ್ಪನಿಗೆ ಹೇಳಿದ್ದೇನೆ. ಬೇರೆ ಯಾರ ಕೈಯಲ್ಲೂ ಕಳಿಸಬೇಡಿ ಎಂದು ನೀನೂ ಕಾಗದದ ಮೇಲೆ ಬರೆ. ಅವರೇ ಹೋಗಿ ತರಲಿ.